ಬೋನಾಳ ಪಕ್ಷಿಧಾಮ

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳ ಕೆರೆ ಮತ್ತು ಅದರ ದಂಡೆ. ರಂಗನತಿಟ್ಟಿನ ನಂತರ ಕರ್ನಾಟಕದ ಎರಡನೆಯ ದೊಡ್ಡ ಪಕ್ಷಿಧಾಮವೆಂದು ಹೆಸರಾಗಿದೆ. 17ನೆಯ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಈ ಕೆರೆ ಕಟ್ಟಿಸಿದನೆಂದು ಪ್ರತೀತಿ. 1841ರಿಂದ 1853ರವರೆಗೆ, ಬಾಲಕ ಅರಸ ವೆಂಕಟಪ್ಪನಾಯಕನ ಪರವಾಗಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಇದನ್ನು ಸುಧಾರಿಸಿದ. ಹೊಲಕ್ಕೆ ನೀರುಣಿಸಲು ಕಟ್ಟಿದ ಕೆರೆಯೇ ಹಕ್ಕಿಗಳ ನೆಲೆಯಾಯಿತು.

ಚಳಿಗಾಲದಲ್ಲಿ ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಇಲ್ಲಿನ ಮುಖ್ಯ ಅತಿಥಿ. ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆಯಿಂದ ಹೊಲಗದ್ದೆಗಳಿಗೆ ಮೇಯಲು ಹೋಗುವುದು ಅದರ ರೂಢಿ. ಹೀಗಾಗಿ ಸುತ್ತಲಿನ ರೈತರ ಸಹನೆಯೇ ಈ ತಾಣದ ನಿಜವಾದ ಬೇಲಿ. ನೇರಳೆ ಬಕ, ನೇರಳೆ ಜಂಬುಕೋಳಿ, ಬಿಳಿ ಮತ್ತು ಕರಿ ಕೆಂಬರಲುಗಳೂ ಕಾಣಸಿಗುತ್ತವೆ.

ಇಂಥ ಕೆರೆಯ ಪುನರುಜ್ಜೀವನವೆಂದರೆ ಹೂಳೆತ್ತುವುದಷ್ಟೇ ಅಲ್ಲ. ಜೊಂಡನ್ನು ಪೂರ್ತಿ ಕಿತ್ತರೆ ಬಕ, ಜಂಬುಕೋಳಿಗಳಿಗೆ ಗೂಡು ಕಟ್ಟಲು ಮರೆಯಿಲ್ಲ. ಹಾಗೇ ಬಿಟ್ಟರೆ ತೆರೆದ ನೀರು ಕುಗ್ಗಿ ಹೆಬ್ಬಾತಿಗೆ ಜಾಗವಿಲ್ಲ. ಎಲ್ಲ ಅಂಚನ್ನೂ ಆಳವಾಗಿ ತೋಡಿದರೆ ಕೆಸರಿನಲ್ಲಿ ಆಹಾರ ಹುಡುಕುವ ಬಿಳಿ ಕೆಂಬರಲುಗಳು ನೆಲೆ ಕಳೆದುಕೊಳ್ಳುತ್ತವೆ. ಊರವರನ್ನು ಬಿಟ್ಟು ಇಂಥ ಕೆಲಸ ಸಾಗದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದದ್ದು ಹಳ್ಳಿಗರು ತಲೆತಲಾಂತರದಿಂದ ಹಕ್ಕಿ ಕಾಯ್ದುಕೊಂಡು ಬಂದದ್ದರಿಂದಲೇ.

ನವೆಂಬರ್‌ನಿಂದ ಫೆಬ್ರುವರಿ ಭೇಟಿಗೆ ಸೂಕ್ತ ಕಾಲ. ಸುರಪುರದಿಂದ ಹತ್ತಿರ. ಬೆಳಗಿನ ಹೊತ್ತು ದುರ್ಬೀನು ಹಿಡಿದು ಏರಿಯ ಮೇಲಿಂದಲೇ ನೋಡಬೇಕು. ದಡಕ್ಕಿಳಿದರೆ ಹಿಂಡು ಹಾರಿಹೋಗುತ್ತದೆ.