ರೇಖೀಯ ನಿಯಂತ್ರಣ ವ್ಯವಸ್ಥೆಗಳ ರೇಖಾಗಣಿತ

ನಿಯಂತ್ರಣ ಸಿದ್ಧಾಂತದ ಒಂದು ಶಾಖೆ. ಒಂದೊಂದು ರೇಖೀಯ ವ್ಯವಸ್ಥೆಯನ್ನೂ ಬಿಡಿಯಾಗಿ ಪರಿಶೀಲಿಸುವ ಬದಲು, ಒಂದೇ ದರ್ಜೆಯ ಎಲ್ಲ ವ್ಯವಸ್ಥೆಗಳ ಸಮೂಹವನ್ನು ಒಂದು ಮ್ಯಾನಿಫೋಲ್ಡ್ ಎಂದು ಬಗೆದು ಅದರ ಆಕಾರವನ್ನು ಅವಕಲ ರೇಖಾಗಣಿತದ ನೆರವಿನಿಂದ ಅಭ್ಯಸಿಸುತ್ತದೆ. ಡಬ್ಲ್ಯು. ಎಂ. ವೊನಮ್ ಬೆಳೆಸಿದ ಉಪಾವಕಾಶಗಳ ವಿಧಾನಕ್ಕೂ ‘ಜ್ಯಾಮಿತೀಯ’ ಎಂಬ ಹೆಸರಿದೆಯಾದರೂ ಅದರ ದಾರಿ ಬೇರೆ.

ಹಿನ್ನೆಲೆ

1960ರ ಸುಮಾರಿಗೆ ರುಡಾಲ್ಫ್ ಕಾಲ್ಮನ್ ಸ್ಥಿತಿ ಸಮೀಕರಣಗಳನ್ನೂ ನಿಯಂತ್ರಣೀಯತೆ, ವೀಕ್ಷಣೀಯತೆಗಳನ್ನೂ ಮುಂದಿಟ್ಟರು. ನಿರ್ದೇಶಾಂಕ ಬದಲಿಸಿದರೆ ಮಾತೃಕೆಗಳು ಬದಲಾಗುತ್ತವೆ, ವ್ಯವಸ್ಥೆಯ ವರ್ತನೆ ಬದಲಾಗುವುದಿಲ್ಲ. ಹಾಗಾಗಿ ಸಮಾನ ವರ್ತನೆಯವನ್ನೆಲ್ಲ ಒಂದೇ ಬಿಂದುವೆಂದು ಎಣಿಸಬೇಕು. ಇನ್‌ಪುಟ್ ‘ಎಂ’, ಔಟ್‌ಪುಟ್ ‘ಪಿ’, ದರ್ಜೆ ‘ಎನ್’ ಇದ್ದಾಗ ದೊರೆಯುವ ಮ್ಯಾನಿಫೋಲ್ಡಿನ ಆಯಾಮ ಎನ್(ಎಂ+ಪಿ). ಇನ್‌ಪುಟ್, ಔಟ್‌ಪುಟ್ ಎರಡೂ ಒಂದಕ್ಕಿಂತ ಹೆಚ್ಚಿದ್ದರೆ ಎಲ್ಲ ವ್ಯವಸ್ಥೆಗಳಿಗೂ ಸಲ್ಲುವ ಅವಿಚ್ಛಿನ್ನ ಪ್ರಮಾಣರೂಪ ಸಾಧ್ಯವಿಲ್ಲವೆಂದು ಮಿಖೀಲ್ ಹಾಜೆವಿಂಕೆಲ್ ತೋರಿಸಿದರು.

ಬ್ರಾಕೆಟ್ ಪ್ರಮೇಯ

ಈ ಕ್ಷೇತ್ರದ ಅತಿ ಮುಖ್ಯ ಫಲಿತಾಂಶಗಳಲ್ಲಿ ಒಂದನ್ನು ರೋಜರ್ ಬ್ರಾಕೆಟ್ 1976ರಲ್ಲಿ ಪ್ರಕಟಿಸಿದರು. ಒಂದೇ ಇನ್‌ಪುಟ್, ಒಂದೇ ಔಟ್‌ಪುಟ್ ಇರುವ ‘ಎನ್’ ದರ್ಜೆಯ ವ್ಯವಸ್ಥೆಗಳ ಸಮೂಹ ಅಖಂಡವಲ್ಲ; ಅದರಲ್ಲಿ ಎನ್+1 ಬಿಡಿ ತುಂಡುಗಳಿವೆ. ಯಾವ ವ್ಯವಸ್ಥೆ ಯಾವ ತುಂಡಿನದೆಂದು ಕೋಶಿ ಸೂಚ್ಯಂಕ ಹೇಳುತ್ತದೆ. ವಾಸ್ತವ ರೇಖೆಯ ಮೇಲೆ ಎಡದಿಂದ ಬಲಕ್ಕೆ ಸಾಗುವಾಗ ಟ್ರಾನ್ಸ್‌ಫರ್ ಫಂಕ್ಷನ್ (ಇನ್‌ಪುಟ್, ಔಟ್‌ಪುಟ್‌ಗಳ ಸಂಬಂಧ ಹೇಳುವ ಭಿನ್ನರಾಶಿ ರೂಪದ ಫಲನ) ಋಣ ಅನಂತದಿಂದ ಧನ ಅನಂತಕ್ಕೆ ಜಿಗಿಯುವ ಸಲಗಳಿಂದ ತದ್ವಿರುದ್ಧ ಜಿಗಿತಗಳನ್ನು ಕಳೆದರೆ ಬರುವ ಸಂಖ್ಯೆಯೇ ಈ ಸೂಚ್ಯಂಕ.

ಒಂದನೇ ದರ್ಜೆಯ ಬಿ/(ಎಸ್+ಎ) ಎಂಬಲ್ಲಿ ‘ಬಿ’ ಸೊನ್ನೆಯಾಗುವಂತಿಲ್ಲ; ಆದ್ದರಿಂದ ಎರಡು ಅರ್ಧತಲಗಳು. ಎರಡನೇ ದರ್ಜೆಯಲ್ಲಿ ಮೂರು ತುಂಡುಗಳು. ಪೋಲ್‌ಗಳೆರಡೂ (ಛೇದದ ಮೂಲಗಳು) ವಾಸ್ತವವಾಗಿದ್ದು ಶೂನ್ಯಬಿಂದು (ಅಂಶದ ಮೂಲ) ಅವುಗಳ ನಡುವೆ ಬಿದ್ದರೆ ಸೂಚ್ಯಂಕ 2 ಅಥವಾ −2, ಉಳಿದ ಸಂದರ್ಭಗಳಲ್ಲಿ 0. ಪೋಲ್‌ಗಳು −1 ಮತ್ತು −2 ಇರಲಿ, ಶೂನ್ಯಬಿಂದು −1.5 ಇರಲಿ. ಪೋಲ್‌ಗಳನ್ನು ಕದಲಿಸದೆ ಶೂನ್ಯಬಿಂದುವನ್ನು −3ಕ್ಕೆ ಸರಿಸಹೊರಟರೆ ಅದು −2ನ್ನು ದಾಟಲೇಬೇಕು. ಅಲ್ಲಿ ಅಂಶ, ಛೇದಗಳ ಸಮಾನ ಅಪವರ್ತನ ಹೊಡೆದುಹೋಗಿ ದರ್ಜೆ ಒಂದಕ್ಕಿಳಿಯುತ್ತದೆ. ಪೋಲ್‌ಗಳನ್ನೂ ಜೊತೆಗೆ ಸರಿಸಿದರೂ ಈ ಅಡ್ಡಿ ತಪ್ಪದು. ದತ್ತಾಂಶದಿಂದ ವ್ಯವಸ್ಥೆಯನ್ನು ಹಂತಹಂತವಾಗಿ ಅಂದಾಜಿಸುವ ವಿಧಾನಗಳಿಗೆ ಇದರಿಂದ ನೇರ ಎಚ್ಚರಿಕೆಯಿದೆ: ತಪ್ಪು ತುಂಡಿನಲ್ಲಿ ಆರಂಭಿಸಿದ ಹುಡುಕಾಟ ದರ್ಜೆ ಕಳೆದುಕೊಳ್ಳದೆ ಸರಿಯಾದ ತುಂಡಿಗೆ ನಡೆದುಹೋಗಲಾರದು.

ಫೀಡ್‌ಬ್ಯಾಕ್

ರಾಬರ್ಟ್ ಹರ್ಮನ್, ಕ್ಲೈಡ್ ಮಾರ್ಟಿನ್ 1970ರ ದಶಕದಲ್ಲಿ ಟ್ರಾನ್ಸ್‌ಫರ್ ಫಂಕ್ಷನ್ನನ್ನು ಗ್ರಾಸ್‌ಮನ್ ಮ್ಯಾನಿಫೋಲ್ಡಿನಲ್ಲಿನ (ನಿರ್ದಿಷ್ಟ ಆಯಾಮದ ಉಪಾವಕಾಶಗಳ ಸಮೂಹದಲ್ಲಿನ) ವಕ್ರರೇಖೆಯಾಗಿ ಕಂಡರು. ಫೀಡ್‌ಬ್ಯಾಕ್ ದೃಷ್ಟಿಯಿಂದ ಪಾವೊಲ್ ಬ್ರುನೋವ್‌ಸ್ಕಿ 1970ರಲ್ಲಿ ಮಾಡಿದ ವ್ಯವಸ್ಥೆಗಳ ವರ್ಗೀಕರಣದ ಪೂರ್ಣಾಂಕಗಳು, ವೆಕ್ಟರ್ ಬಂಡಲ್‌ಗಳ ಕುರಿತ ಗ್ರೋಟೆಂಡೀಕ್ ವಿಭಜನಾ ಪ್ರಮೇಯದ ಪೂರ್ಣಾಂಕಗಳೇ ಎಂಬುದು ಇದರಿಂದ ತಿಳಿಯಿತು. ಸ್ಥಿರ ಔಟ್‌ಪುಟ್ ಫೀಡ್‌ಬ್ಯಾಕ್‌ನಿಂದ ಪೋಲ್‌ಗಳನ್ನು ಬೇಕಾದಲ್ಲಿ ಇರಿಸುವ ಪ್ರಶ್ನೆಗೆ ಬ್ರಾಕೆಟ್, ಕ್ರಿಸ್ಟೋಫರ್ ಬರ್ನ್ಸ್ 1981ರಲ್ಲಿ ಶೂಬರ್ಟ್ ಎಣಿಕೆಯನ್ನು (ಜ್ಯಾಮಿತೀಯ ಸಮಸ್ಯೆಯ ಉತ್ತರಗಳನ್ನು ಎಣಿಸುವ ವಿಧಾನವನ್ನು) ಬಳಸಿದರು. ಎರಡು ಇನ್‌ಪುಟ್, ಎರಡು ಔಟ್‌ಪುಟ್, ದರ್ಜೆ 4 ಇದ್ದಾಗ ಸಾಮಾನ್ಯವಾಗಿ ಎರಡು ಉತ್ತರಗಳು. ಎರಡೂ ಸಂಮಿಶ್ರವಾಗಿದ್ದರೆ ಎಂಜಿನಿಯರ್‌ಗೆ ಉಪಯೋಗವಿಲ್ಲ. ದರ್ಜೆಯು ಎಂ×ಪಿಗಿಂತ ಕಡಿಮೆಯಿದ್ದರೆ ಬಹುತೇಕ ಎಲ್ಲ ವ್ಯವಸ್ಥೆಗಳಿಗೂ ವಾಸ್ತವ ಉತ್ತರವಿದೆಯೆಂದು ಷಿಯಾಚಾಂಗ್ ವಾಂಗ್ 1992ರಲ್ಲಿ ಸಾಧಿಸಿದರು.

ರಿಕಾಟಿ ಸಮೀಕರಣ

ಪರಮೋಚಿತ ನಿಯಂತ್ರಣದ ರಿಕಾಟಿ ಸಮೀಕರಣವು ಲಗ್ರಾಂಜ್ ಗ್ರಾಸ್‌ಮನ್ ಮ್ಯಾನಿಫೋಲ್ಡಿನ ಮೇಲಿನ ಹರಿವು. ಪರಿಹಾರವು ಸೀಮಿತ ಕಾಲದಲ್ಲೇ ಅನಂತಕ್ಕೇರಿದಂತೆ ಕಂಡರೂ ನಿಜಕ್ಕೂ ಅದು ಒಂದು ನಿರ್ದೇಶಾಂಕ ವಲಯವನ್ನು ಬಿಟ್ಟಿರುತ್ತದೆ, ಅಷ್ಟೆ, ಹರಿವು ನಿಲ್ಲುವುದಿಲ್ಲ.