ಬಾಲ್ಯದ ಅಪೌಷ್ಟಿಕತೆ: ಬೆಳವಣಿಗೆಯ ಕುಂಠಿತ ಹಾಗೂ ಮುಂದಿನ ರೋಗಗಳು

ಗರ್ಭಧಾರಣೆಯಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು 1000 ದಿನಗಳು ಶರೀರ ಹಾಗೂ ಮಿದುಳಿನ ಬೆಳವಣಿಗೆಗೆ ನಿರ್ಣಾಯಕವಾದ ಅವಧಿ. ಈ ಅವಧಿಯಲ್ಲಿ ಸಸಾರಜನಕ, ಕಬ್ಬಿಣ, ಸತು ಹಾಗೂ ಅಯೋಡಿನ್ ಕೊರತೆಯಾದರೆ ಎತ್ತರ ಕುಂಠಿತಗೊಳ್ಳುವುದಲ್ಲದೆ ಕಲಿಕೆಯ ಸಾಮರ್ಥ್ಯವೂ ಕುಗ್ಗುತ್ತದೆ. ಈ ನಷ್ಟವನ್ನು ಅನಂತರದ ಆಹಾರದಿಂದ ಪೂರ್ಣವಾಗಿ ತುಂಬುವುದು ಕಷ್ಟ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ.

ಮುಂದಿನ ರೋಗಗಳೊಂದಿಗಿನ ಸಂಬಂಧ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಜನಿಸಿದವರನ್ನು ದಶಕಗಳ ನಂತರ ಪರೀಕ್ಷಿಸಿ, ಫಲಿತಾಂಶವನ್ನು 1996ರಲ್ಲಿ ಪ್ರಕಟಿಸಲಾಯಿತು. ಹುಟ್ಟುವಾಗ 2.5 ಕಿ.ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದ್ರೋಗವು ಶೇ. 11ರಷ್ಟಿದ್ದರೆ, 3.1 ಕಿ.ಗ್ರಾಂಗಿಂತ ಹೆಚ್ಚು ತೂಗಿದವರಲ್ಲಿ ಶೇ. 3ರಷ್ಟಿತ್ತು. ಪೋಷಕಾಂಶ ಸಾಲದಾದಾಗ ಭ್ರೂಣವು ಮಿದುಳಿಗೆ ಆದ್ಯತೆ ನೀಡುತ್ತದೆ. ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಹಾಗೂ ಸ್ನಾಯುಗಳ ಬೆಳವಣಿಗೆ ಹಿಂದುಳಿಯುತ್ತದೆ. ಅಂತಹ ಮಗು ಮುಂದೆ ಸಕ್ಕರೆ, ಎಣ್ಣೆ ಹಾಗೂ ಕುರುಕಲು ತಿಂಡಿಗಳಿಂದ ತೂಕ ಗಳಿಸಿದರೆ ಮಧುಮೇಹ, ರಕ್ತದೊತ್ತಡ ಹಾಗೂ ಹೃದ್ರೋಗದ ಸಾಧ್ಯತೆ ಹೆಚ್ಚುತ್ತದೆ.

ಹೊಲದಿಂದ ಮಗುವಿನ ಬಟ್ಟಲಿಗೆ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದಂಶವಿದೆ; ಆದರೆ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಅದನ್ನು ಬೇಳೆಕಾಳುಗಳು ಪೂರೈಸುತ್ತವೆ. ಅಕ್ಕಡಿ ಸಾಲುಗಳು ಕಣ್ಮರೆಯಾಗಿ, ಹಾಲು-ಮೊಟ್ಟೆಗಳೆಲ್ಲ ಮಾರಾಟಕ್ಕೆ ಹೋದಾಗ ಮಗುವಿಗೆ ಉಳಿಯುವುದು ಅನ್ನ ಮತ್ತು ತಿಳಿಸಾರು ಮಾತ್ರ.

ಅನುಸರಿಸಬೇಕಾದ ಕ್ರಮಗಳು

• ರಾಗಿಯೊಂದಿಗೆ ತೊಗರಿ, ಅವರೆ ಅಥವಾ ಅಲಸಂದೆಯನ್ನು ಅಕ್ಕಡಿಯಾಗಿ ಬಿತ್ತಬೇಕು. ಹಿತ್ತಲಿನಲ್ಲಿ ನುಗ್ಗೆ, ಪಪ್ಪಾಯಿ ಹಾಗೂ ಸೊಪ್ಪು ಬೆಳೆಯಬೇಕು.

• ಮೊದಲ ಆರು ತಿಂಗಳು ಎದೆಹಾಲು ಮಾತ್ರ ನೀಡಬೇಕು. ಅನಂತರ ಎದೆಹಾಲಿನ ಜೊತೆಗೆ, ಮೊಳಕೆ ಬರಿಸಿ ಒಣಗಿಸಿದ ರಾಗಿ 3 ಭಾಗ, ಹೆಸರುಬೇಳೆ 1 ಭಾಗ ಹುರಿದು ಬೀಸಿದ ಹಿಟ್ಟಿನ ಗಟ್ಟಿಯಾದ ಸರಿಯನ್ನು ತುಸು ತುಪ್ಪ ಸೇರಿಸಿ ಉಣಿಸಬೇಕು. ಮೊಳಕೆಯಿಂದ ಫೈಟೇಟ್ ಅಂಶ ತಗ್ಗಿ ಕಬ್ಬಿಣ ಸುಲಭವಾಗಿ ಲಭಿಸುತ್ತದೆ.

• ಗರ್ಭಿಣಿಯರು ಸೊಪ್ಪು-ಕಾಳಿನ ಊಟದೊಂದಿಗೆ ನಿಂಬೆ ಅಥವಾ ನೆಲ್ಲಿಕಾಯಿ ಸೇವಿಸಬೇಕು. ಊಟದ ಜೊತೆಗೆ ಚಹಾ, ಕಾಫಿ ಬೇಡ.

• ಗರ್ಭಿಣಿ ಹಾಗೂ ಮಕ್ಕಳ ಪಾಲಿನ ಹಾಲು, ಮೊಟ್ಟೆಯನ್ನು ಮನೆಯಲ್ಲಿ ಉಳಿಸಿಕೊಂಡ ನಂತರವೇ ಮಾರಬೇಕು.

• ಮಗುವಿನ ತೂಕವನ್ನು ಪ್ರತಿ ತಿಂಗಳು ಅಂಗನವಾಡಿಯಲ್ಲಿ ದಾಖಲಿಸಬೇಕು. ತೂಕ ಏರದಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನ ಬೆಳೆ ಯೋಜನೆಯನ್ನು ಚರ್ಚಿಸುವಾಗ, ಮನೆಯ ಊಟಕ್ಕೆ ಬೇಕಾದ ಕಾಳು ಮತ್ತು ಸೊಪ್ಪಿಗೂ ಜಾಗ ಗುರುತಿಸುವಂತೆ ರೈತ ಕುಟುಂಬಗಳಿಗೆ ತಿಳಿಸುವುದು ಸೂಕ್ತ.