ಲೈಂಗಿಕ ದೌರ್ಜನ್ಯ: ಸಂತ್ರಸ್ತೆಯ ಹಕ್ಕುಗಳೇನು? ಠಾಣೆ, ಆಸ್ಪತ್ರೆ, ಅಂಗಡಿಯವರ ಹೊಣೆ ಏನು?

ಬೈಂದೂರು: ದೌರ್ಜನ್ಯದ ಸುದ್ದಿ ಕಿವಿಗೆ ಬಿದ್ದ ಕೂಡಲೇ ಪೇಟೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಯಾರ ಮನೆ ಹುಡುಗಿ?’. ಮನೆಯೊಳಗೆ ಕೇಳುವ ಮಾತು ‘ಕೇಸ್ ಕೊಟ್ರೆ ಮರ್ಯಾದಿ ಹೋತ್ತ್’. ಈ ಎರಡರ ನಡುವೆ ಸಿಕ್ಕಿ ದೂರು ತಡವಾಗುತ್ತದೆ, ಕೆಲವೊಮ್ಮೆ ದೂರೇ ಆಗುವುದಿಲ್ಲ. ಆದರೆ ಕಾನೂನನ್ನು ಓದಿ ನೋಡಿದರೆ ಸಂತ್ರಸ್ತೆಯ ಮೇಲೆ ಹೊರಿಸಿದ ಹೊರೆ ಕಡಿಮೆ. ಪೊಲೀಸರು, ಆಸ್ಪತ್ರೆ, ನ್ಯಾಯಾಲಯ, ಮಾಧ್ಯಮ, ಕೊನೆಗೆ ಅಂಗಡಿಯಲ್ಲಿ ಕೂತ ನಮ್ಮ ಮೇಲೆ ಹೊರಿಸಿದ ಹೊಣೆಯೇ ಹೆಚ್ಚು.

2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಜಾರಿಯಲ್ಲಿವೆ. 18 ವರ್ಷ ತುಂಬದವರಿಗೆ 2012ರ ಪೋಕ್ಸೋ ಕಾಯ್ದೆ ಮೊದಲಿನಂತೆಯೇ ಇದೆ. ಈಗ ಏನೇನು ನಿಯಮ ಇದೆ ಎಂಬುದನ್ನು ಇಲ್ಲಿ ಸರಳವಾಗಿ ಕೊಟ್ಟಿದ್ದೇವೆ.

ಠಾಣೆಯಲ್ಲಿ

ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಶಿರೂರು ದಾಟಿ ಭಟ್ಕಳದಲ್ಲಿ ನಡೆದದ್ದಾಗಲಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ನಡೆದದ್ದಾಗಲಿ, ಬೈಂದೂರು ಠಾಣೆಯವರು ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ. ದೂರು ಪಡೆದು, ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರದೇ ಕೆಲಸ. ಇ-ಮೇಲ್ ಮುಂತಾದ ರೂಪದಲ್ಲೂ ಮಾಹಿತಿ ಕೊಡಬಹುದು. 3 ದಿನದೊಳಗೆ ಸಹಿ ಹಾಕಬೇಕು.

ದೂರನ್ನು ಮಹಿಳಾ ಪೊಲೀಸ್ ಅಧಿಕಾರಿಯೇ ಬರೆದುಕೊಳ್ಳಬೇಕು. ಅತ್ಯಾಚಾರ ಪ್ರಕರಣದಲ್ಲಿ ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಹೇಳಿದ ಜಾಗದಲ್ಲಿ ಪಡೆಯಬೇಕು. ಮಕ್ಕಳ ಹೇಳಿಕೆ ಪಡೆಯುವಾಗ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಬಾರದು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ದೂರು ತೆಗೆದುಕೊಳ್ಳದಿದ್ದರೆ? ಅದನ್ನೇ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅತ್ಯಾಚಾರದಂತಹ ಪ್ರಕರಣದಲ್ಲಿ ಮಾಹಿತಿ ದಾಖಲಿಸಿಕೊಳ್ಳದ ಅಧಿಕಾರಿಗೇ ಬಿಎನ್‌ಎಸ್ 199ನೇ ಕಲಂ ಪ್ರಕಾರ 6 ತಿಂಗಳಿಂದ 2 ವರ್ಷದವರೆಗೆ ಕಠಿಣ ಸಜೆ ಇದೆ.

ಆಸ್ಪತ್ರೆಯಲ್ಲಿ

ಮೊದಲು ಠಾಣೆಗೇ ಹೋಗಬೇಕೆಂಬ ಕಾನೂನಿಲ್ಲ. ಸೀದಾ ಆಸ್ಪತ್ರೆಗೆ ಹೋಗಬಹುದು. ಸರ್ಕಾರಿಯಾಗಲಿ, ಖಾಸಗಿಯಾಗಲಿ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ನಿಜ; ಆದರೆ ‘ಮೊದ್ಲು ಕೇಸ್ ಮಾಡ್ಕೊಂಡು ಬನ್ನಿ’ ಎನ್ನುವಂತಿಲ್ಲ. ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆ ನಡೆಸುವವರಿಗೆ 1 ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ ಆಗಬಹುದು.

ವೈದ್ಯಕೀಯ ಪರೀಕ್ಷೆ ಆಕೆಯ ಒಪ್ಪಿಗೆ ಇದ್ದರೆ ಮಾತ್ರ. ಪೊಲೀಸರಿಗೆ ಮಾಹಿತಿ ಬಂದ 24 ಗಂಟೆಯೊಳಗೆ ಪರೀಕ್ಷೆಗೆ ಕಳಿಸಬೇಕು. ‘ಎರಡು ಬೆರಳಿನ ಪರೀಕ್ಷೆ’ ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ.

ಎರಡು ಮಾತು ನೆನಪಿಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ತಡೆಯುವ ಮಾತ್ರೆಯೂ ಬೇಗ ತೆಗೆದುಕೊಂಡಷ್ಟು ಒಳ್ಳೆಯದು. ಹಾಗಾಗಿ ‘ನಾಳೆ ನೋಡುವ’ ಎನ್ನಬೇಡಿ. ಇನ್ನೊಂದು, ಬಟ್ಟೆಯನ್ನು ತೊಳೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ಸ್ನಾನ ಮಾಡಿಯಾಯಿತು, ನಾಲ್ಕು ದಿನ ಕಳೆಯಿತು ಅಂತ ಸುಮ್ಮನಾಗುವುದೂ ಬೇಡ. ತಡವಾದ ದೂರೂ ದೂರೇ.

ಹೆಸರು ಹೊರಗೆ ಬರಬಾರದು

ಮನೆಯವರಿಗೆ ಹೆಚ್ಚು ಭಯ ಇರುವುದು ಇಲ್ಲಿಯೇ. ಸಂತ್ರಸ್ತೆಯ ಗುರುತು ಪ್ರಕಟಿಸಿದವರಿಗೆ ಬಿಎನ್‌ಎಸ್ 72ನೇ ಕಲಂನಲ್ಲಿ 2 ವರ್ಷದವರೆಗೆ ಸಜೆ ಮತ್ತು ದಂಡ ಇದೆ. ಗುರುತು ಅಂದರೆ ಹೆಸರು ಮಾತ್ರವಲ್ಲ. 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗುರುತು ಹಿಡಿಯಲು ಸಾಧ್ಯವಾಗುವ ಯಾವ ವಿವರವನ್ನೂ ಬಹಿರಂಗ ಮಾಡಬಾರದು ಎಂದಿದೆ. ಮಕ್ಕಳ ವಿಷಯದಲ್ಲಿ ಮನೆ, ಶಾಲೆ, ನೆರೆಹೊರೆ, ಕುಟುಂಬದ ವಿವರ ಎಲ್ಲಕ್ಕೂ ನಿಷೇಧ ಇದೆ. ‘ಇಂಥಾ ಊರಿನ, ಇಂಥವರ ಎರಡನೇ ಮಗಳು, ಇಂಥಾ ಕಾಲೇಜು’ ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದರೆ ಹೆಸರು ಬರೆದಂತೆಯೇ. ‘ಬಂದದ್ದನ್ನು ಕಳಿಸಿದೆ ಅಷ್ಟೇ’ ಎಂದು ಹೇಳಿ ಪಾರಾಗಬಹುದು ಎಂದುಕೊಳ್ಳಬೇಡಿ.

ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. 2013ರ ಜೂನ್‌ನಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿನಿಯ ಮೇಲೆ ನಡೆದ ಸಾಮೂಹಿಕ ಅತ್ಯಾಚಾರ ದೇಶವಿಡೀ ಸುದ್ದಿಯಾಗಿತ್ತು. 2015ರಲ್ಲಿ ಉಡುಪಿಯ ನ್ಯಾಯಾಲಯ ಮೂವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ಶಿಕ್ಷೆಯಾಗಲು ಆಕೆಯ ಹೆಸರು ಊರಿಗೆಲ್ಲ ಗೊತ್ತಾಗಬೇಕಾಗಿರಲಿಲ್ಲ. ನ್ಯಾಯಾಲಯದ ವಿಚಾರಣೆಯೂ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಆಕೆಯ ಹಿಂದಿನ ನಡತೆ, ಸಂಬಂಧಗಳ ಬಗ್ಗೆ ಅಲ್ಲಿ ಕೆದಕಿ ಕೇಳುವಂತಿಲ್ಲ.

ರಾಜಿ ಪಂಚಾಯ್ತಿಗೆ ಜಾಗವಿಲ್ಲ

ದುಡ್ಡು ಕೊಟ್ಟು ಮುಗಿಸುವುದು, ಆರೋಪಿಗೇ ಮದುವೆ ಮಾಡಿಕೊಡುವುದು ಕಾನೂನಿನ ಕಣ್ಣಲ್ಲಿ ಪರಿಹಾರವಲ್ಲ. ಅತ್ಯಾಚಾರ ರಾಜಿಯಾಗುವ ಅಪರಾಧವೇ ಅಲ್ಲ. ಮದುವೆ, ರಾಜಿಯ ಸಲಹೆಯನ್ನು ನ್ಯಾಯಾಧೀಶರೂ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿದೆ. ಹಾಗಿರುವಾಗ ಊರಿನ ಹಿರಿಯರು ಕೂತು ತೀರ್ಮಾನ ಮಾಡುವುದು ಹೇಗೆ ಸರಿಯಾದೀತು? ಹುಡುಗಿಗೆ 18 ತುಂಬದಿದ್ದರೆ ‘ಇಬ್ರೂ ಒಪ್ಪಿದ್ರು’ ಎಂಬ ವಾದವೂ ನಿಲ್ಲುವುದಿಲ್ಲ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಎಂದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದ ಹಿರಿಯರಿಗೆ 6 ತಿಂಗಳವರೆಗೆ ಸಜೆ ಆಗಬಹುದು.

ಪರಿಹಾರ ಮತ್ತು ವಕೀಲರು

ಕರ್ನಾಟಕದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ನಿಗದಿಯಾಗಿದೆ. ಇದು ತೀರ್ಪು ಬಂದ ಮೇಲೆ ಮಾತ್ರ ಸಿಗುವ ಹಣ ಅಲ್ಲ. ಆರೋಪಿ ಸಿಗದಿದ್ದರೂ ಅರ್ಜಿ ಹಾಕಬಹುದು, ಮಧ್ಯಂತರ ಪರಿಹಾರವನ್ನೂ ಕೇಳಬಹುದು. ಅರ್ಜಿಯ ವಿಚಾರಣೆ 2 ತಿಂಗಳಲ್ಲಿ ಮುಗಿಯಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ದೌರ್ಜನ್ಯ ತಡೆ ಕಾಯ್ದೆಯಡಿ ಪ್ರತ್ಯೇಕ ನೆರವಿದೆ.

ಅರ್ಜಿ ಕೊಡಬೇಕಾದದ್ದು ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಕುಂದಾಪುರದ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಮಾರ್ಗದರ್ಶನ ಸಿಗುತ್ತದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿ ಇಲ್ಲ.

ಅಂಗಡಿ, ಲಾಡ್ಜ್, ಸ್ಟುಡಿಯೋದವರು ಗಮನಿಸಿ

* ಸಿಸಿಟಿವಿ ದೃಶ್ಯ ಕೆಲವು ದಿನದಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಹತ್ತಿರದಲ್ಲಿ ಘಟನೆ ನಡೆದದ್ದು ಗೊತ್ತಾದರೆ ದೃಶ್ಯ ಉಳಿಸಿ, ಪೊಲೀಸರಿಗೆ ಮಾತ್ರ ಕೊಡಿ. ಮೊಬೈಲಿನಲ್ಲಿ ತೆಗೆದು ಯಾರಿಗೂ ಕಳಿಸಬೇಡಿ.
* ಹೋಟೆಲ್, ಲಾಡ್ಜ್, ಫೋಟೋ ಸ್ಟುಡಿಯೋದಲ್ಲಿ ಮಕ್ಕಳ ಅಶ್ಲೀಲ ಚಿತ್ರ, ವಿಡಿಯೋ ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೋ 20ನೇ ಕಲಂ ಪ್ರಕಾರ ಕಡ್ಡಾಯ.
* 10 ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂ.ವರೆಗೆ ದಂಡ. 10ಕ್ಕಿಂತ ಕಡಿಮೆ ಇದ್ದರೆ ಕೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಬರೆದಿಟ್ಟುಕೊಳ್ಳಿ

ತುರ್ತು ಸಹಾಯ: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಉಚಿತ ಕಾನೂನು ನೆರವು: 15100

ಒಂದೇ ಸೂರಿನಡಿ ಚಿಕಿತ್ಸೆ, ಆಪ್ತ ಸಮಾಲೋಚನೆ, ಕಾನೂನು ನೆರವು, ತಾತ್ಕಾಲಿಕ ವಸತಿಗಾಗಿ ಸಖಿ ಕೇಂದ್ರ ಇದೆ. 181ಕ್ಕೆ ಕರೆ ಮಾಡಿದರೆ ಅದರ ಸಂಪರ್ಕ ಸಿಗುತ್ತದೆ. ಈ ನಾಲ್ಕು ಸಂಖ್ಯೆ ಅಂಗಡಿಯ ಕೌಂಟರ್ ಹತ್ತಿರ ಅಂಟಿಸಿಟ್ಟರೆ ಖರ್ಚೇನೂ ಇಲ್ಲ. ಯಾರಿಗೆ ಬೇಕಾಗುತ್ತದೆ ಎಂದು ಅವರನ್ನು ಕೇಳುವ ಅಗತ್ಯವೂ ಇಲ್ಲ. ಮತ್ತೆ ಅಂಥ ಸುದ್ದಿ ಕಿವಿಗೆ ಬಿದ್ದಾಗ ‘ಯಾರ ಮನೆ ಹುಡುಗಿ?’ ಎಂದು ಕೇಳುವ ಬದಲು ‘ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರಾ?’ ಎಂದು ಕೇಳಿದರೆ ಸಾಕು.